ಹರಕೆಗೆ ಹೋದ ಹೋತ

ದಸರೆ ಮುಗಿದ ಮೇಲಿನ ವಾರ, ಬೆಳಗಿನ ಚಹಾ ಇನ್ನೂ ಒಲೆಯ ಮೇಲಿರುವಾಗಲೇ ಅರಕೇರಿಯಿಂದ ಫೋನು ಬಂತು. ನಮ್ಮ ಸಂಸ್ಥೆ ಕೊಟ್ಟ ಎರಡು ಆಡುಗಳನ್ನು ಸಾಕುತ್ತಿದ್ದ ಹೆಣ್ಣುಮಗಳು. ಗಂಡ ತೀರಿಹೋಗಿದ್ದಾನೆ, ಶಾಲೆಗೆ ಹೋಗುವ ಇಬ್ಬರು ಹುಡುಗಿಯರಿದ್ದಾರೆ. ಯಾವಾಗಲೂ ಸಲಾಂ ಹೇಳಿ, ನನ್ನ ಮೊಣಕಾಲು ನೋವಿನ ಸುದ್ದಿ ಕೇಳಿ ಆಮೇಲೆ ತನ್ನದು ಹೇಳುವಾಕೆ, ಅವತ್ತು ಅದ್ಯಾವುದೂ ಇಲ್ಲ.

"ಅಕ್ಕಾರ, ಹೋತ ಯಾವಾಗ ಬರ್ತೈತ್ರಿ? ನಿನ್ನಿಯಿಂದ ಎರಡೂ ಆಡು ಒದರಾಕತ್ತಾವ. ಓಣ್ಯಾನ ಗಂಡಸರು ಬಾಗಲ ಮುಂದ ನಿಂತು ನಗಾಕತ್ತಾರ."

ಹಿಂದಿನ ಸಲ ಅವು ಬೆದೆಗೆ ಬಂದಾಗಲೂ ಆಕೆ ಫೋನು ಮಾಡಿದ್ದಳು. ಬಿಜ್ಜರಗಿಯಿಂದ ಹೋತ ಕಳಿಸುತ್ತಾರೆ, ಇವತ್ತು ನಾಳೆ ಬರುತ್ತದೆ ಎಂದು ನಾನು ಹೇಳಿದ್ದೆ. ಬಂದಿರಲಿಲ್ಲ. ಆಡಿನ ಬೆದೆ ಒಂದೆರಡು ದಿನದ ಮಾತು. ಅದು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ಹೋತದ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಕಡೆಗೆ ಎರಡು ಕೋಣೆಯ ಬಾಡಿಗೆ ಮನೆಯೇ ನಮ್ಮ ಸಂಸ್ಥೆ. ಗಂಡನನ್ನು ಕಳೆದುಕೊಂಡ ಹೆಂಗಸರಿಗೆ, ತಂದೆತಾಯಿ ಇಲ್ಲದ ಮೊಮ್ಮಕ್ಕಳನ್ನು ಸಾಕುತ್ತಿರುವ ಮುದುಕಿಯರಿಗೆ ಎರಡೆರಡು ಆಡು ಕೊಡುತ್ತೇವೆ. ಮೊದಲು ಹುಟ್ಟಿದ ಹೆಣ್ಣು ಮರಿಯನ್ನು ಅವರು ಸರದಿಯಲ್ಲಿರುವ ಮುಂದಿನ ಮನೆಗೆ ದಾಟಿಸಬೇಕು. ಟಿಕೋಟಾ, ಬಿಜ್ಜರಗಿ, ಅರಕೇರಿ, ಬಬಲೇಶ್ವರದ ಸುತ್ತಲಿನ ಊರುಗಳು ನನ್ನ ತಿರುಗಾಟದ ಹಾದಿ. ಜಂತಿನ ಔಷಧ, ಲಸಿಕೆ, ಮರಿ ಸತ್ತರೆ ಪಂಚನಾಮೆ, ಅತ್ತೆ ಸೊಸೆ ಜಗಳವಾದರೆ ಪಂಚಾಯಿತಿ, ಎಲ್ಲ ನನ್ನ ಪಾಲಿನವು.

ಆಡು ಕೊಟ್ಟ ಮೊದಲ ವರ್ಷ ನಾವು ಯೋಚಿಸದೆ ಬಿಟ್ಟದ್ದು ಒಂದೇ. ಆಡು ಗಬ್ಬವಾಗಬೇಕಾದರೆ ಹೋತ ಬೇಕು, ಹೋತ ಇರುವುದು ಊರಿನ ಗಂಡಸರ ಮನೆಯಲ್ಲಿ. ಗಂಡ ಸತ್ತ ಹೆಂಗಸು ಒಬ್ಬನ ಬಾಗಿಲಿಗೆ ಹೋಗಿ, ನಿಮ್ಮ ಹೋತ ಬಿಡಿ ಎಂದು ಕೇಳಬೇಕು. ಕೇಳಿದರೆ ಕಟ್ಟೆಯ ಮೇಲೆ ಕುಳಿತವರು ಏನೇನು ಮಾತಾಡುತ್ತಾರೆ ಎಂಬುದನ್ನು ನಾನು ಇಲ್ಲಿ ಬರೆಯಲಾರೆ. ಅದಕ್ಕೇ ಎಷ್ಟೋ ಜನ ಕೇಳದೇ ಸುಮ್ಮನಿದ್ದರು, ಆಡುಗಳು ವರ್ಷವಿಡೀ ಖಾಲಿ ಉಳಿದವು. ಆಮೇಲೆ ಸಂಸ್ಥೆಯೇ ಒಂದು ಹೋತ ಕೊಂಡಿತು. ಉಸ್ಮಾನಾಬಾದಿ ತಳಿ, ಮೈಯೆಲ್ಲ ಕಪ್ಪು, ಕಿವಿಯ ಮೇಲೆ ಬಿಳಿ ಚುಕ್ಕೆ. ಅದನ್ನು ಬಿಜ್ಜರಗಿಯ ಒಬ್ಬಾಕೆ ಸಾಕುವುದು, ಬೇಕಾದ ಊರಿಗೆ ಟಂಟಂ ಗಾಡಿಯಲ್ಲಿ ಕಳಿಸುವುದು, ಅಲ್ಲಿ ನಾಲ್ಕಾರು ದಿನ ಇರಿಸಿಕೊಂಡು ವಾಪಸು ಕಳಿಸುವುದು ಎಂದಾಯಿತು. ಬಿಜ್ಜರಗಿಯಾಕೆಯೂ ನಮ್ಮ ಫಲಾನುಭವಿಯೇ. ತವರಿನಲ್ಲಿ ಕುರಿ ಆಡುಗಳ ನಡುವೆಯೇ ಬೆಳೆದವಳು. ಆ ಹೋತದ ನಾತಕ್ಕೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಆಕೆ ಅದರ ಕೊಂಬಿನ ಬುಡ ತುರಿಸುತ್ತ ನಿಲ್ಲುವಳು.

ಅರಕೇರಿಯಾಕೆಯ ಆತುರಕ್ಕೆ ಕಾರಣವಿತ್ತು. ಆಕೆ ಮೊದಲು ಟಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದ್ರಾಕ್ಷಿಗೆ ಬಣ್ಣ ಬರಲೆಂದು ಅಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆಗೆ ಆಕೆಗೆ ಉಬ್ಬಸ ಹತ್ತಿತು. ಇನ್ನು ಶೆಡ್ಡಿನ ಕಡೆ ಕಾಲಿಡಬೇಡ ಎಂದು ಡಾಕ್ಟರು ಹೇಳಿದ್ದರು. ಆಡು ಗಬ್ಬವಾದರೆ ಮರಿ ಬೀಳುವ ತನಕ ಜೋಳ ಕಳಿಸುತ್ತೇನೆ, ಇಲ್ಲವಾದರೆ ಮಾಘಮಾಸಕ್ಕೆ ಶೆಡ್ಡು ಶುರುವಾದಾಗ ಮತ್ತೆ ಅಲ್ಲಿಗೇ ಹೋಗು ಎಂದು ಆಕೆಯ ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ಚಳಿಗಾಲದೊಳಗೆ ಆಡು ಗಬ್ಬವಾಗದಿದ್ದರೆ ಆಕೆ ಮತ್ತೆ ಆ ಹೊಗೆಗೆ ಹೋಗಬೇಕು. ಉಳಿದ ಮನೆಗಳ ಆಡುಗಳೂ ಖಾಲಿಯೇ ಇದ್ದವು. ಆದರೆ ಫೋನು ಬಂದಾಗಲೆಲ್ಲ ನನಗೆ ಕೇಳುತ್ತಿದ್ದದ್ದು ಈಕೆಯ ಎದೆಯ ಗೊರಗೊರ ಸದ್ದು.

ಬಿಜ್ಜರಗಿಯಾಕೆಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಚಹಾ ಕುಡಿದು, ರೊಟ್ಟಿ ಕಟ್ಟಿಕೊಂಡು, ಟಿಕೋಟಾಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಬಿಜ್ಜರಗಿಯಲ್ಲಿ ಇಳಿದೆ. ಆಕೆಯ ಮನೆಗೆ ಹೋಗುವ ಮುಂಚೆಯೇ ಹೋತ ಕಂಡಿತು. ದುರ್ಗವ್ವನ ಗುಡಿಯ ಮುಂದೆ ಯಾರೋ ಒಣಹಾಕಿದ್ದ ಮೆಣಸಿನಕಾಯಿಯ ಚೀಲ ಮೂಸುತ್ತ ನಿಂತಿತ್ತು. ಕೊರಳಲ್ಲಿ ಹಗ್ಗವಿಲ್ಲ. ಹಣೆಯ ತುಂಬ ಅರಿಶಿನದ ಭಂಡಾರ. ಕೊಂಬಿಗೆ ಬೇವಿನ ಸೊಪ್ಪು. ನಾನು ಹತ್ತಿರ ಹೋಗಿ ಕಿವಿಯ ಓಲೆ ನೋಡಿದೆ. ನಮ್ಮ ಸಂಸ್ಥೆಯ ಹೆಸರಿದ್ದ ಹಳದಿ ಓಲೆಯೇ. ಕೊಂಬು ಹಿಡಿಯಲು ಕೈ ಚಾಚಿದೆ ಅಷ್ಟೆ, ಎದುರು ಮನೆಯ ಮುದುಕಿ ಕೂಗಿದಳು: "ಮುಟ್ಟಬ್ಯಾಡ್ರಿ ಯವ್ವಾ, ಅದು ದೇವರಿಗೆ ಬಿಟ್ಟಿದ್ದು."

ಯಾರು ಬಿಟ್ಟರು ಎಂದು ಕೇಳುವ ಅಗತ್ಯವಿರಲಿಲ್ಲ.

ಬಿಜ್ಜರಗಿಯಾಕೆ ತನ್ನ ಮನೆಯ ಹಿತ್ತಿಲಲ್ಲಿ ಜೋಳದ ಕಣಿಕೆ ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು ಒಳಗೆ ಹೋದಳು. ನೀರು ತಂದಳು. ಮಗ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ, ಮುಖ ಬಿಳಿಚಿತ್ತು. ಸುದ್ದಿ ತುಂಡುತುಂಡಾಗಿ ಹೊರಬಂತು. ದಸರೆಗೆ ಮುಂಚೆ ಹುಡುಗನಿಗೆ ಜ್ವರ ಬಂದು, ಅದು ಡೆಂಗಿ ಎಂದಾಗಿ, ವಿಜಯಪುರದ ದವಾಖಾನೆಯಲ್ಲಿ ಮಲಗಿಸಿದ್ದರು. ಬಿಳಿ ರಕ್ತಕಣ ಇಳಿಯುತ್ತ ಹೋಯಿತು. ಒಂದು ಸಂಜೆ ಡಾಕ್ಟರು ನಾಳೆ ಬೆಳಿಗ್ಗೆ ನೋಡೋಣ ಎಂದು ಹೇಳಿ ಹೋದಾಗ, ಈಕೆ ವಾರ್ಡಿನ ಹೊರಗೆ ನಿಂತು, ಮಗ ನಡೆದುಕೊಂಡು ಮನೆಗೆ ಬಂದರೆ ಮನೆಯಲ್ಲಿರುವ ಹೋತವನ್ನು ನಿನಗೆ ಬಿಡುತ್ತೇನೆ ತಾಯಿ ಎಂದು ಹರಕೆ ಹೊತ್ತಳು. ಮಗ ನಡೆದುಕೊಂಡೇ ಬಂದ. ಮಾಘಮಾಸದ ಭಾರತ ಹುಣ್ಣಿಮೆಗೆ ಹರಕೆ ತೀರಬೇಕು. ಅಲ್ಲಿಯ ತನಕ ಹೋತವನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಊರು ದಾಟಿಸುವಂತಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ಹೋತ ನಿನ್ನದಲ್ಲ, ಇಷ್ಟು ಮನೆಯ ಹೆಂಗಸರದು, ಹರಕೆ ಹೊರುವುದಾದರೆ ನಿನ್ನ ಸ್ವಂತದ್ದೇನಾದರೂ ಹೊರಬೇಕಿತ್ತು ಎಂದೆ. ಒಂದು ಫೋನು ಮಾಡಬಾರದಿತ್ತೇ ಎಂದು ಕೇಳಿದಾಗ ಮಾತ್ರ ಆಕೆ ತಲೆ ಎತ್ತಿದಳು.

"ಯಾರಿಗೆ ಮಾಡ್ಲಿರಿ? ನಿಮಗ ಮಾಡಿದ್ರ ಹೋತ ಹ್ಯಾಂಗೈತಿ ಅಂತ ಕೇಳ್ತಿದ್ರಿ."

ಆಕೆ ತಂದಿದ್ದ ನೀರು ಕುಡಿದು ಲೋಟ ಕೆಳಗಿಟ್ಟೆ. ಅಷ್ಟು ದಿನ ದವಾಖಾನೆಯಲ್ಲಿ ಜೊತೆಗೆ ಯಾರಿದ್ದರು ಎಂದು ಕೇಳಿದೆ.

"ದುರ್ಗವ್ವ ಇದ್ಳು," ಎಂದಳು.

ವಾಪಸು ಬಸ್ಸಿಗೆ ಕಾಯುತ್ತ ನಿಂತಾಗ ಅಧ್ಯಕ್ಷರಿಗೆ ಫೋನು ಮಾಡಿದೆ. ನಮ್ಮ ಅಧ್ಯಕ್ಷರು ನಿವೃತ್ತ ಇಂಜಿನಿಯರು, ಒಳ್ಳೆಯ ಮನುಷ್ಯರು, ಆದರೆ ಪ್ರತಿಯೊಂದಕ್ಕೂ ಮನೆಯಲ್ಲಿ ಕೂತೇ ಉಪಾಯ ಹೇಳುತ್ತಾರೆ. ಮೊದಲು ಅವರಿಗೆ ಸುದ್ದಿ ತಿಳಿಯಲೇ ಇಲ್ಲ. ತಿಳಿದ ಮೇಲೆ, ಸಂಸ್ಥೆ ಹೋತ ಬಲಿ ಕೊಟ್ಟಿತು ಎಂದು ಪೇಪರಿನಲ್ಲಿ ಬಂದರೆ ಏನು ಗತಿ ಎಂದು ಗಾಬರಿಯಾದರು. ಇನ್ನೊಂದು ಹೋತ ಕೊಳ್ಳೋಣವೇ ಎಂದರೆ ಆ ವರ್ಷದ ದುಡ್ಡು ಲಸಿಕೆಗೂ ಮೇವಿಗೂ ಹಂಚಿ ಹೋಗಿತ್ತು, ಮಾರ್ಚ್ ತನಕ ಆ ಮಾತೆತ್ತಬೇಡಿ ಎಂದರು. ಮರುದಿನ ಅವರೇ ಫೋನು ಮಾಡಿ, ಎಮ್ಮೆ ಆಕಳುಗಳಿಗೆ ಸೂಜಿಯಲ್ಲಿ ಗರ್ಭ ಕಟ್ಟಿಸುವ ಹಾಗೆ ಆಡಿಗೂ ಮಾಡಿಸಿ ಎಂದರು. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಆಡಿಗೆ ಆ ಅನುಕೂಲ ಸದ್ಯ ತಮ್ಮಲ್ಲಿಲ್ಲ, ನಿಮ್ಮಲ್ಲಿ ಅಷ್ಟು ಚಂದದ ಹೋತ ಇದೆಯಲ್ಲ, ಅದೇನಾಯಿತು ಎಂದು ಅವರು ನನ್ನನ್ನೇ ಕೇಳಿದರು.

ಆಮೇಲೆ ದುರ್ಗವ್ವನ ಗುಡಿಯ ಪೂಜಾರಿ ಕಾಕಾನ ಬಳಿಗೆ ಹೋದೆ. ಹೋತದ ಬದಲಿಗೆ ಸೀರೆ, ಉಡಿ ಸಾಮಾನು, ಏನಾದರೂ ಒಪ್ಪಿಸಿ ಹರಕೆ ಬದಲಿಸಬಹುದೇ ಎಂದೆ. ಆತ ನಕ್ಕು, ನನಗೇನು ಕೇಳುತ್ತೀರಿ, ಆಕೆಗೇ ಕೇಳಿ ಎಂದು ಗುಡಿಯೊಳಗೆ ಕೈ ತೋರಿಸಿದ. ಸರಿ, ಮಂಗಳವಾರ ಹೂ ಕೇಳುವುದೆಂದಾಯಿತು. ದೇವಿಯ ಮೈಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬಿಜ್ಜರಗಿಯಾಕೆ ತಲೆ ಮೇಲೆ ಸೆರಗು ಹೊದ್ದು ಒಂದು ಕಡೆ, ನಾನು ಇನ್ನೊಂದು ಕಡೆ. ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಎಸಳು ಬೀಳಲಿಲ್ಲ. ಫ್ಯಾನು ಹಾಕಲೇ ಎಂದು ಯಾರೋ ಕೇಳಿದರು, ಪೂಜಾರಿ ಕಾಕಾ ಗದರಿಸಿದ. ನನ್ನ ಮೊಣಕಾಲು ಜೋಮು ಹಿಡಿಯಿತು. ಊಟದ ಹೊತ್ತಿಗೆ ಎಸಳು ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನೇರ ಕೆಳಗೆ ಪಾದದ ಮೇಲೆ ಬಿತ್ತು.

ಇದರ ಅರ್ಥವೇನು ಎಂದೆ. "ಸದ್ಯ ಸುಮ್ಮನಿರ್ರಿ ಅನ್ನಾಕತ್ತಾಳ," ಎಂದು ಪೂಜಾರಿ ಕಾಕಾ ಮಂಗಳಾರತಿ ಎತ್ತಿದ.

ಸುಮ್ಮನಿರಲು ಹೋತ ಬಿಡಬೇಕಲ್ಲ! ಅದು ದ್ರಾಕ್ಷಿ ಬಳ್ಳಿ ಕತ್ತರಿಸಿ ಹೊಸ ಚಿಗುರು ಬಿಡುವ ಕಾಲ. ತೋಟಗಳೆಲ್ಲ ಎಳೆ ಹಸಿರು. ಯಾರೂ ತಡೆಯದ ಹೋತ ಗುಡಿಯ ಹಿಂದಿನ ತೋಟಕ್ಕೆ ನುಗ್ಗಿ ಎರಡು ಸಾಲು ಚಿಗುರು ತಿಂದು ಹಾಕಿತು. ತೋಟದ ಸಾವ್ಕಾರರು ಅದರ ಕಿವಿಯ ಓಲೆಯ ಮೇಲಿದ್ದ ಹೆಸರು ಓದಿ, ಯಾರಿಂದಲೋ ನಂಬರು ಸಂಪಾದಿಸಿ ನನಗೆ ಫೋನು ಮಾಡಿದರು. ಅವರ ದನಿ ಕೇಳಿ ಅಡುಗೆಮನೆಯಲ್ಲಿದ್ದ ನನ್ನ ಯಜಮಾನರು ಹೊರಗೆ ಬಂದು ಯಾರು ಎಂದು ಸನ್ನೆ ಮಾಡಿ ಕೇಳಿದರು. ನಾನು ಶಾಂತವಾಗಿ, ಹಾಗಾದರೆ ಹೋತವನ್ನು ಹಿಡಿದು ಕಟ್ಟಿಹಾಕಿ ಸಾವ್ಕಾರರೇ, ಈಗಲೇ ಗಾಡಿ ಕಳಿಸಿ ಒಯ್ಯುತ್ತೇನೆ ಎಂದೆ. ದೇವರ ಹೋತಕ್ಕೆ ನಾನು ಕೈ ಹಚ್ಚಲೇ ಎಂದು ಅವರು ಹೌಹಾರಿದರು. ಚಿಗುರು ತಿಂದಾಗ ಅದು ಸಂಸ್ಥೆಯ ಹೋತ. ಕಟ್ಟುವ ಮಾತು ಬಂದಾಗ ದೇವರ ಹೋತ. ಅವತ್ತಿನಿಂದ ಇಡೀ ಬಿಜ್ಜರಗಿ ಹೀಗೇ ಮಾತಾಡತೊಡಗಿತು.

ಇಷ್ಟರಲ್ಲಿ ಅರಕೇರಿಯ ಆಡುಗಳ ಇನ್ನೊಂದು ಬೆದೆಯೂ ತಪ್ಪಿತು. ಆಕೆ ಈ ಸಲ ಫೋನು ಮಾಡಲಿಲ್ಲ. ನಾನೇ ಹೋದಾಗ ಅಂಗಳದಲ್ಲಿ ಕೂತು ಬೇವಿನ ಸೊಪ್ಪು ಆಡಿನ ಮುಂದೆ ಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಬಿಜ್ಜರಗಿಯಾಕೆಯ ಮಗನ ಜ್ವರದ ಮಾತು ಬಂದಾಗ ಸೊಪ್ಪು ಹಾಕುವುದನ್ನು ನಿಲ್ಲಿಸಿದಳು. ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿದಳು. ಆಮೇಲೆ, ತಾನು ಆಗಲೇ ಶೆಡ್ಡಿನ ಮೇಸ್ತ್ರಿಗೆ ಹೇಳಿಟ್ಟಿರುವುದಾಗಿಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಏನೂ ಆಗುವುದಿಲ್ಲವೆಂದೂ ನನ್ನ ಮುಖ ನೋಡದೆ ಹೇಳಿದಳು. ಹೇಳಿ ಮುಗಿಸುವುದರೊಳಗೆ ಕೆಮ್ಮು ಬಂತು.

ಮರುದಿನ ನಾನು ಮಾಡಿದ್ದು ಹುಚ್ಚು ಕೆಲಸ. ಗೊತ್ತಿದ್ದ ಟಂಟಂ ಗಾಡಿಯವನನ್ನು ಕರೆದುಕೊಂಡು ನೇರ ಬಿಜ್ಜರಗಿಗೆ ಹೋದೆ. ಬೆಲ್ಲ ಸವರಿದ ರೊಟ್ಟಿ ತೋರಿಸಿದರೆ ಹೋತ ತಾನಾಗಿಯೇ ಗಾಡಿ ಹತ್ತಿತು. ನಾವು ಮುಟ್ಟಿರಲಿಲ್ಲ, ಕಟ್ಟಿರಲಿಲ್ಲ, ಆದ್ದರಿಂದ ದೋಷವಿಲ್ಲ ಎಂಬ ಲೆಕ್ಕ ನನ್ನದು. ಗಾಡಿ ಊರ ಹೊರಗಿನ ಹಳ್ಳದ ತನಕ ಹೋಗಿತ್ತು. ಹಿಂದಿನಿಂದ ಮೋಟರ್ ಸೈಕಲ್ಲುಗಳು ಬಂದವು. ಅವುಗಳ ಹಿಂದೆ ಓಡಿಬಂದವರು ಹೆಂಗಸರು, ಅವರಲ್ಲಿ ಇಬ್ಬರು ನಾವೇ ಆಡು ಕೊಟ್ಟವರು! ಅಕ್ಕಾರ, ನಿಮಗೇನು, ನೀವು ವಿಜಯಪುರಕ್ಕೆ ಹೋಗುತ್ತೀರಿ, ಊರಿಗೆ ಏನಾದರೂ ಆದರೆ ನಮ್ಮ ಬಾಗಿಲಿಗೇ ಬರುತ್ತಾರೆ ಎಂದರು. ಹೋತವನ್ನು ಇಳಿಸುವುದಕ್ಕೂ ಯಾರೂ ಮುಟ್ಟಲಿಲ್ಲ. ಮತ್ತೆ ರೊಟ್ಟಿ ತೋರಿಸಿಯೇ ಇಳಿಸಬೇಕಾಯಿತು. ಆ ರೊಟ್ಟಿ ನನ್ನ ಮಧ್ಯಾಹ್ನದ ಊಟದ್ದು.

ಅದಾದ ಸ್ವಲ್ಪ ದಿನಕ್ಕೆ ಬಿಜ್ಜರಗಿಯಾಕೆಯ ಫೋನು ಬಂತು. ತಾನಾಗಿ ಆಕೆ ಫೋನು ಮಾಡಿದ್ದು ಅದೇ ಮೊದಲು. ಹೋತದ ಬಾಯಲ್ಲಿ ಜೊಲ್ಲು ಇಳಿಯುತ್ತಿದೆ, ಮೈ ನಡುಗುತ್ತಿದೆ, ಬಿದ್ದು ಏಳಲಾರದು ಎಂದಳು. ಸಾವ್ಕಾರರು ಹಿಂದಿನ ದಿನ ತೋಟಕ್ಕೆ ಕೀಟ ಸಾಯಿಸುವ ಎಣ್ಣೆ ಹೊಡೆಸಿದ್ದರು, ಹೋತ ಆ ಚಿಗುರನ್ನೇ ತಿಂದಿತ್ತು. ಪಶು ಡಾಕ್ಟರರ ಜೀಪಿನಲ್ಲಿಯೇ ನಾನೂ ಹತ್ತಿ ಹೋದೆ. ಗುಡಿಯ ಹಿಂದೆ ಜನ ಸುತ್ತುಗಟ್ಟಿ ನಿಂತಿದ್ದರು, ಹತ್ತಿರ ಯಾರೂ ಇಲ್ಲ. ಡಾಕ್ಟರು ಕಣ್ಣಿನ ಪಾಪೆ ನೋಡಿ, ವಿಷವೇ ಎಂದು ಹೇಳಿ, ಸೂಜಿ ತುಂಬಿಕೊಂಡು, ಯಾರಾದರೂ ತಲೆ ಗಟ್ಟಿಯಾಗಿ ಹಿಡಿಯಿರಿ ಎಂದರು. ಯಾರೂ ಮುಂದೆ ಬರಲಿಲ್ಲ. ಬಿಜ್ಜರಗಿಯಾಕೆ ಒಂದು ಹೆಜ್ಜೆ ಮುಂದಿಟ್ಟು ಪೂಜಾರಿ ಕಾಕಾನ ಮುಖ ನೋಡಿ ನಿಂತಳು. ಬಿಟ್ಟವಳೇ ಹಿಡಿದರೆ ಹರಕೆ ಮುರಿದಂತೆ.

ಕೊನೆಗೆ ಮುಂದೆ ಬಂದವರು ಸಾವ್ಕಾರರು. ಅಂಗಿಯ ತೋಳು ಏರಿಸಿ, ಮಣ್ಣಿನಲ್ಲಿ ಮಂಡಿಯೂರಿ ಕೊಂಬು ಹಿಡಿದುಕೊಂಡರು. "ನನ್ನ ತ್ವಾಟದ ಎಣ್ಣಿ ತಿಂದು ದೇವರ ಹೋತ ಸತ್ತಿತಂದ್ರ ನಾಳಿ ನನ್ನ ಮನಿ ಉಳೀತೈತೇನ್ರಿ? ಚುಚ್ಚರಿ ಲಗೂನ," ಎಂದರು. ಡಾಕ್ಟರು ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಸೂಜಿ ಕೊಡುತ್ತ ಹೋದರು. ಅಷ್ಟೂ ಹೊತ್ತು ಸಾವ್ಕಾರರು ಕೊಂಬು ಬಿಡಲಿಲ್ಲ, ಮೈಗೆಲ್ಲ ಹೋತದ ನಾತ ಹತ್ತಿತ್ತು. ಸಂಜೆ ಅದು ಎದ್ದು ನಿಂತು ನೀರು ಕುಡಿಯಿತು. ಸಾವ್ಕಾರರು ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತು, ಅಕ್ಕಾರ, ಹುಣ್ಣಿಮೆ ತನಕ ಈ ಪ್ರಾಣಿ ನನ್ನ ತೋಟಕ್ಕೆ ಬರದ ಹಾಗೆ ಏನಾದರೂ ಮಾಡ್ರಿ, ನೀವು ಕೇಳಿದ್ದು ಕೊಡುತ್ತೇನೆ ಎಂದರು.

ನನಗೆ ಆಗ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ, ಅಷ್ಟು ದಿನ ಹೊಳೆಯದೇ ಇದ್ದದ್ದಕ್ಕೆ ತಲೆ ಚಚ್ಚಿಕೊಳ್ಳುವಂತಾಯಿತು. ಹೋತವನ್ನು ಊರು ದಾಟಿಸುವಂತಿಲ್ಲ, ಕಟ್ಟುವಂತಿಲ್ಲ. ಆಡುಗಳಿಗೆ ಯಾರ ಹರಕೆಯೂ ಇಲ್ಲ. ಆಡುಗಳನ್ನೇ ಇಲ್ಲಿಗೆ ತರಬಹುದು. ನಾವು ಯಾಕೆ ಅದನ್ನು ಯೋಚಿಸಲಿಲ್ಲವೆಂದರೆ, ನಮ್ಮ ಹೆಂಗಸರು ಆಡು ಹೊಡೆದುಕೊಂಡು ಪರ ಊರಿಗೆ ಹೋಗಬಾರದು, ಅವರ ಮಾನ ಮನೆಯೊಳಗೇ ಉಳಿಯಬೇಕು ಎಂದೇ ಹೋತವನ್ನು ಕೊಂಡಿದ್ದು. ಈಗ ಅದನ್ನು ತಿರುಗಿಸಬೇಕು. ಆದರೆ ಅಷ್ಟು ಆಡುಗಳನ್ನು ಮೂರು ವಾರಕ್ಕೂ ಹೆಚ್ಚು ಕಾಲ, ಪ್ರತಿಯೊಂದೂ ಒಮ್ಮೆಯಾದರೂ ಬೆದೆಗೆ ಬರುವ ತನಕ, ಎಲ್ಲಿ ಕಟ್ಟುವುದು?

ಸಾವ್ಕಾರರ ಒಣದ್ರಾಕ್ಷಿ ಶೆಡ್ಡು ಗುಡಿಯಿಂದ ಕೂಗಳತೆಯ ದೂರದಲ್ಲಿ ಖಾಲಿ ನಿಂತಿತ್ತು. ಮೇಲೆ ತಗಡು, ಸುತ್ತ ಬಲೆ, ನೀರಿನ ನಲ್ಲಿ. ಮಾಘದ ತನಕ ಅಲ್ಲಿ ಕೆಲಸವಿಲ್ಲ. ಅದನ್ನು ಕೇಳಿದೆ. ಅವರು ಒಂದು ಕ್ಷಣ ನನ್ನನ್ನು, ಇನ್ನೊಂದು ಕ್ಷಣ ಹೋತವನ್ನು ನೋಡಿ, ಹಿಕ್ಕೆ ನಿಮ್ಮವರೇ ಬಳಿದು ತೋಟಕ್ಕೆ ಹಾಕಬೇಕು ಎಂದು ಕರಾರು ಮಾಡಿ ಒಪ್ಪಿದರು. ಹೋತವನ್ನು ಶೆಡ್ಡಿನೊಳಗೆ ಕೂಡಿಹಾಕಿದಂತಾಗುವುದಿಲ್ಲವೇ ಎಂದು ಪೂಜಾರಿ ಕಾಕಾನನ್ನು ಕೇಳಿದೆ. ಬಾಗಿಲು ತೆರೆದೇ ಇಡಿ, ಹೊರಗೆ ಬರುವ ಮನಸ್ಸು ಅದಕ್ಕೆ ಬಂದರೆ ಬರಲಿ ಎಂದು ಆತ ಹೇಳಿದ. ಅದಕ್ಕೆ ಆ ಮನಸ್ಸು ಬರಲೇ ಇಲ್ಲ.

ಹೇಳಿದಷ್ಟು ಸಲೀಸಾಗಿ ಏನೂ ಆಗಲಿಲ್ಲ ಬಿಡಿ. ಒಂದು ಮನೆಯಲ್ಲಿ ಮೈದುನ ಅಡ್ಡ ನಿಂತ, ಬಬಲೇಶ್ವರದ ಕಡೆಯ ಮುದುಕಿ ಮೊಮ್ಮಕ್ಕಳನ್ನು ಯಾರ ಮಡಿಲಿಗೆ ಹಾಕಲಿ ಎಂದು ಅತ್ತಳು, ಟಂಟಂನವನು ಆಡಿನ ಹಿಕ್ಕೆ ಬಿದ್ದ ಗಾಡಿ ತೊಳೆಯುವುದು ಯಾರು ಎಂದು ಹಾದಿಯುದ್ದಕ್ಕೂ ಗೊಣಗಿದ. ಎಲ್ಲ ಹೆಂಗಸರೂ ಅಲ್ಲೇ ಉಳಿಯುವುದು ಬೇಡ, ಸರದಿಯ ಮೇಲೆ ಇಬ್ಬಿಬ್ಬರು ಎಂದು ಮಾಡಿದೆ. ಕಲಸಿ ಹೋಗಬಾರದೆಂದು ಒಬ್ಬೊಬ್ಬರ ಆಡಿಗೂ ಅವರವರ ಹಳೆಯ ಸೀರೆಯ ಅಂಚು ಹರಿದು ಕೊರಳಿಗೆ ಕಟ್ಟಿದೆವು. ಲಸಿಕೆ ಆಗದ ಆಡನ್ನು ಒಳಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಬಾಗಿಲಲ್ಲೇ ನಾನು ಸ್ಟೂಲು ಹಾಕಿಕೊಂಡು ಕಿವಿ ಓಲೆ ನೋಡುತ್ತ ಕೂತೆ. ಹೋತ ಎದ್ದ ಮೇಲೂ ಕೆಲವು ದಿನ ಸುಸ್ತಾಗಿಯೇ ಇತ್ತು. ಅದಕ್ಕೆ ನೆನೆಸಿದ ಕಡಲೆ ತಿನ್ನಿಸಿದ್ದು ಬಿಜ್ಜರಗಿಯಾಕೆಯಲ್ಲ, ದೇವರ ಸೇವೆ ಎಂದು ಊರಿನ ಗಂಡಸರು. ಆಡಿನ ಮಾತಿಗೆ ಕಟ್ಟೆಯ ಮೇಲೆ ನಗುತ್ತಿದ್ದವರು ಅವರೇ. ದುರ್ಗವ್ವನ ಹೋತದ ವಿಷಯದಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಅರಕೇರಿಯಾಕೆ ಬಂದದ್ದು ಮೊದಲ ಸರದಿಗೇ. ಆಡುಗಳನ್ನು ಇಳಿಸಿ ಒಳಗೆ ಬಿಟ್ಟು, ಖಾಲಿ ಶೆಡ್ಡಿನ ಗಾಳಿಯನ್ನು ಒಮ್ಮೆ ಮೂಸಿ ನೋಡಿದಳು. ಗಂಧಕದ ವಾಸನೆ ಇರಲಿಲ್ಲ. ಮೂಲೆಯಲ್ಲಿ ಬಿಜ್ಜರಗಿಯಾಕೆ ಕಣಿಕೆ ರಾಶಿ ಹಾಕುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು. ಜಗಳವಾಗುತ್ತದೆಂದು ನಾನು ಸ್ಟೂಲಿನಿಂದ ಎದ್ದೆ. ಜಗಳವೂ ಆಯಿತು.

"ನಿನ್ನ ಮಗಾ ಮಗಾ, ನಮ್ಮ ಮಕ್ಕಳು ಮಕ್ಕಳಲ್ಲೇನ್ ಬೇ?" ಎಂದಳು ಅರಕೇರಿಯಾಕೆ.

ಬಿಜ್ಜರಗಿಯಾಕೆ ಕಣಿಕೆ ಹಾಕುತ್ತಲೇ ಇದ್ದಳು. "ಆವತ್ತ ನನಗ ಒಂದ ಕೂಸು ಕಂಡಿತ್ತವ್ವಾ. ನಿಮ್ಮವು ಕಾಣಲಿಲ್ಲ," ಎಂದಳು.

ಅದಾದ ಮೇಲೆ ಇಬ್ಬರೂ ಮಾತು ಬಿಟ್ಟರು. ಎರಡು ದಿನ ಬಿಟ್ಟು ನಾನು ಮತ್ತೆ ಹೋದಾಗ ಅರಕೇರಿಯಾಕೆ ಉಬ್ಬಸ ಎದ್ದು ಶೆಡ್ಡಿನ ಬಲೆಗೆ ಒರಗಿ ಕೂತಿದ್ದಳು. ಬಿಜ್ಜರಗಿಯಾಕೆ ಬಿಸಿ ನೀರಿನ ತಂಬಿಗೆ ಹಿಡಿದು ಬೆನ್ನು ತಿಕ್ಕುತ್ತಿದ್ದಳು. ಮಾತು ಆಗಲೂ ಇರಲಿಲ್ಲ. ಆಕೆಯ ಆಡುಗಳನ್ನು ಇವಳೇ ನೋಡಿಕೊಂಡಳು. ಎರಡೂ ಬೆದೆಗೆ ಬಂದವು, ಹೋತ ಕೂಡಿತು. ಮತ್ತೆ ಮೂರು ವಾರ ಕಾದೆವು. ಆಡುಗಳು ಒದರಲಿಲ್ಲ. ಗಬ್ಬ ನಿಂತಿತೆಂದು ಹೇಳಲು ಅರಕೇರಿಯಾಕೆಯ ಅಣ್ಣನ ಮನೆಗೆ ನಾನೇ ಹೋದೆ. ಆತ ಬಂದು ಆಡಿನ ಹೊಟ್ಟೆ ಮುಟ್ಟಿ ನೋಡಿ ಒಂದು ಚೀಲ ಜೋಳ ಇಳಿಸಿ ಹೋದ. ಮಾಘದಲ್ಲಿ ಶೆಡ್ಡಿನ ಕೆಲಸ ಶುರುವಾಯಿತು, ಮೇಸ್ತ್ರಿ ಫೋನು ಮಾಡಿದ, ಆಕೆ ಹೋಗಲಿಲ್ಲ.

ಭಾರತ ಹುಣ್ಣಿಮೆಗೆ ನಾನು ಬಿಜ್ಜರಗಿಗೆ ಹೋಗಲಿಲ್ಲ. ಅಧ್ಯಕ್ಷರ ಒತ್ತಾಯಕ್ಕೆ ಮುಂಚಿನ ದಿನವೇ ಡಾಕ್ಟರನ್ನು ಕರೆದೊಯ್ದು ಕಿವಿಯ ಓಲೆ ತೆಗೆಸಿ ತಂದಿದ್ದೆ. ಆಮೇಲೆ ಏನಾಯಿತೆಂದು ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾಂಸ ತಿನ್ನುವವರಿಲ್ಲ, ಆದರೂ ಆ ದಿನ ಅಡುಗೆ ಮಾಡುತ್ತ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಾವ್ಕಾರರ ಕೈಯಲ್ಲಿ ಸಿಕ್ಕಿ ನಡುಗುತ್ತಿದ್ದ ಆ ತಲೆ ಕಣ್ಣ ಮುಂದೆ ಬರುತ್ತಿತ್ತು.

ಬೇಸಿಗೆಯಲ್ಲಿ ಮರಿಗಳು ಬಿದ್ದವು. ಅರಕೇರಿಯ ಒಂದು ಆಡು ಹೆಣ್ಣು ಮರಿ ಹಾಕಿತು, ಇನ್ನೊಂದು ಅವಳಿ ಹಾಕಿತು, ಅದರಲ್ಲಿ ಒಂದು ಗಂಡು, ಕಪ್ಪು. ಮುಂದಿನ ಹೋತವನ್ನು ಇದರಲ್ಲೇ ಬೆಳೆಸಿಕೊಳ್ಳೋಣ ಎಂದು ಎಲ್ಲರೂ ಒಪ್ಪಿದರು. ತಾಯಿಯ ಮೇಲೆಯೇ ಏರದಂತೆ ಬೇರೆ ಊರಲ್ಲೇ ಸಾಕಬೇಕು, ಆದರೆ ಯಾರು ಸಾಕುವುದು ಎಂಬಲ್ಲಿ ನಮ್ಮ ಎರಡು ಕೋಣೆಯ ಮನೆ ಸಂತೆಯಾಯಿತು. ಬಿಜ್ಜರಗಿಯಾಕೆಗೆ ಮತ್ತೆ ಕೊಡುವುದು ಬೇಡವೇ ಬೇಡ ಎಂದವರೇ ಹೆಚ್ಚು. ಆಕೆ ಆ ಸಭೆಗೆ ಬಂದೇ ಇರಲಿಲ್ಲ. ನನಗೆ ಕೂಗಾಟ ಕೇಳಿ ತಲೆ ಚಿಟ್ಟು ಹಿಡಿದು, ಮರಿ ಯಾರದೋ ಅವರೇ ಹೇಳಲಿ ಎಂದೆ. ಅರಕೇರಿಯಾಕೆ ಎದ್ದು ನಿಂತು, ಮರಿಗೆ ಹಾಲು ಬಿಡಿಸಿದ ಮೇಲೆ ಹೇಳುತ್ತೇನೆ ಎಂದಷ್ಟೇ ಹೇಳಿ ಕೂತಳು.

ಹಾಲು ಬಿಡಿಸಿದ ಮೇಲೆ ಒಂದು ದಿನ ಮರಿಯನ್ನು ಚೀಲದಲ್ಲಿ ತಲೆ ಮಾತ್ರ ಹೊರಗೆ ಕಾಣುವಂತೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ನನ್ನನ್ನೂ ಕರೆದಿದ್ದ ಕಾರಣ ಕೇಳಿದರೆ, ಬಿಜ್ಜರಗಿ ಬಸ್ಸು ಯಾವುದೆಂದು ನಿಮಗೇ ಗೊತ್ತಲ್ಲ ಎಂದಳು. ಹಾದಿಯುದ್ದಕ್ಕೂ ಮರಿ ಕಂಡಕ್ಟರನ ಚೀಲ ಮೇಯಲು ನೋಡಿತು.

ಬಿಜ್ಜರಗಿಯಾಕೆ ಮನೆಯ ಮುಂದೆ ಸಗಣಿ ಸಾರಿಸುತ್ತಿದ್ದಳು. ನಮ್ಮನ್ನು ನೋಡಿದಳು, ಚೀಲ ನೋಡಿದಳು. ಕೈ ತೊಳೆಯಲಿಲ್ಲ, ಎದ್ದೂ ನಿಲ್ಲಲಿಲ್ಲ.

"ಮತ್ತ ನನ್ನ ಕೈಯಾಗ ಕೊಡ್ತಿಯೇನ್?"

"ಇನ್ನ್ಯಾರ ಕೈಯಾಗ ಕೊಡ್ಲಿ? ಹೋತದ ನಾತ ತಡಕೊಳ್ಳಾಕಿ ನೀ ಒಬ್ಬಾಕಿನ ಇದ್ದಿ."

"ಮಗಗ ನಾಳಿ ಏನರ ಆತಂದ್ರ?"

ಅರಕೇರಿಯಾಕೆ ಚೀಲವನ್ನು ಒಣಗಿದ ಕಡೆ ನೋಡಿ ಕೆಳಗಿಟ್ಟಳು. "ನನಗ ಫೋನ್ ಮಾಡು. ಬಂದು ದವಾಖಾನ್ಯಾಗ ನಿನ್ನ ಬಾಜೂಕ ಕುಂದರ್ತೀನಿ. ಆಮ್ಯಾಲ ನಿಮ್ಮ ದುರ್ಗವ್ವಗ ಕಾಯಿ ಹೊರು, ಸೀರಿ ಹೊರು, ನಾನೂ ಹೊರ್ತೀನಿ. ಹೋತದ ಸುದ್ದೀಗಿ ಹೋಗಬ್ಯಾಡ ಅಷ್ಟ."

ಬಿಜ್ಜರಗಿಯಾಕೆ ಕೈ ತೊಳೆದು ಬಂದು ಮರಿಯನ್ನು ಎತ್ತಿಕೊಂಡಳು. ಹಲ್ಲು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಜಂತಿನ ಹೊಟ್ಟೆ, ಔಷಧ ಕುಡಿಸಿಲ್ಲವೇನು ಎಂದು ಬೈದಳು. ಅರಕೇರಿಯಾಕೆ ಕುಡಿಸಿದ್ದೇನೆ ಎಂದಳು. ಕುಡಿಸಿದ್ದರೆ ಹೀಗಿರುತ್ತಿತ್ತೇ ಎಂದು ಇವಳು. ಅಕ್ಕಾರನ್ನೇ ಕೇಳು ಎಂದು ಅವಳು. ನಾನು ನನ್ನ ಚೀಲದಲ್ಲಿ ಔಷಧದ ಬಾಟಲಿ ಹುಡುಕುತ್ತಿದ್ದೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದು ನನಗೆ ಯಾರಿಗೆ ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಬಸ್ಸಿನ ಹೊತ್ತಾದಾಗ ಬಿಜ್ಜರಗಿಯಾಕೆ ಒಳಗೆ ಹೋಗಿ ತನ್ನ ಬಟನ್ ಫೋನು ತಂದು ನನ್ನ ಕೈಗಿಟ್ಟಳು. ಆಕೆಗೆ ಓದಲು ಬರುವುದಿಲ್ಲ, ಅರಕೇರಿಯಾಕೆಗೂ ಅಷ್ಟಕ್ಕಷ್ಟೆ. ಇವಳ ನಂಬರು ಹಾಕಿ ಕೊಡಿ ಎಂದಳು. ಹಾಕಿದೆ. ಹುಡುಕುವುದು ತನಗೆ ತಿಳಿಯುವುದಿಲ್ಲ, ಒಂದೇ ಗುಂಡಿ ಒತ್ತಿದರೆ ಹೋಗುವಂತೆ ಆಗುತ್ತದೆಯೇ ಎಂದು ಕೇಳಿದಳು. ಒಂದನೆಯ ಗುಂಡಿಗೆ ಕಂಪನಿಯವರದು ಏನೋ ಇರುತ್ತದೆ, ಎರಡನೆಯದಕ್ಕೆ ಹಾಕಿದ್ದೇನೆ, ಒತ್ತಿ ಹಿಡಿ ಎಂದೆ.

ಆಕೆ ಅಲ್ಲಿಯೇ ಒತ್ತಿ ಹಿಡಿದಳು. ಎರಡು ಹೆಜ್ಜೆ ಆಚೆಗೆ ನಿಂತಿದ್ದ ಅರಕೇರಿಯಾಕೆಯ ಸೆರಗಿನ ಗಂಟಿನೊಳಗೆ ಫೋನು ಸದ್ದು ಮಾಡಿತು. ಆಕೆ ಗಂಟು ಬಿಚ್ಚಿ, ಕಿವಿಗೆ ಹಿಡಿದು, ಎದುರಿಗೇ ಇದ್ದವಳನ್ನು ನೋಡುತ್ತ, "ಹೇಳವ್ವಾ," ಎಂದಳು.